ಹಾಸು ಮುಗಿದರೂ ನಿಲ್ಲದ ವ್ಯಾನು

ಹೊರೆ ಸಾಗಿಸುವವರಿಗೆ ಒಂದು ಭಯ ಸದಾ ಇದ್ದದ್ದೇ. ಹೊರಟಾಗ ಬಿಗಿಯಾಗಿದ್ದ ಹಗ್ಗ ದಾರಿಯಲ್ಲಿ ಸಡಿಲವಾಗುತ್ತದೆ. ಮನೆಯ ಮುಂದೆ ಎಷ್ಟೇ ಜಗ್ಗಿ ಕಟ್ಟಿರಿ, ನಾಲ್ಕು ಗುಂಡಿ, ಎರಡು ತಿರುವು ದಾಟುವಷ್ಟರಲ್ಲಿ ಸಾಮಾನು ಕುಲುಕಿ ಕುಲುಕಿ ತನಗೆ ಬೇಕಾದ ಹಾಗೆ ಕೂತುಕೊಳ್ಳುತ್ತದೆ. ಆಗ ಹಗ್ಗ ಇದ್ದೂ ಇಲ್ಲದ ಹಾಗೆ.

ಗಂಟಕ್ಕನ ಮನೆಯವರಿಗೆ ಇದು ಚೆನ್ನಾಗಿ ಗೊತ್ತಿತ್ತು. ಡೇರೆ, ಕುರ್ಚಿ, ನೆಲಹಾಸು ಬಾಡಿಗೆಗೆ ಕೊಡುವುದು ಅವರ ಕಸುಬು. ಮದುವೆಯಿರಲಿ, ಸಭೆಯಿರಲಿ, ಸಾವಿನ ಮನೆಯಿರಲಿ, ಜನ ಸೇರುವ ಕಡೆಗೆಲ್ಲ ಅವರ ವ್ಯಾನು ಎಲ್ಲರಿಗಿಂತ ಮೊದಲು ಹೋಗಬೇಕು, ಎಲ್ಲರೂ ಎದ್ದ ಮೇಲೆ ಬರಬೇಕು. ಮನೆಯ ಮುಂದಿನ ಕೋಣೆಯಲ್ಲಿ ಒಂದರ ಮೇಲೊಂದು ಪೇರಿಸಿದ ಕುರ್ಚಿಗಳು ಸೂರು ಮುಟ್ಟುತ್ತಿದ್ದವು. ನಡುವಿನ ಕೋಣೆಯಲ್ಲಿ ಹೊಲಿಗೆ ಯಂತ್ರ, ಅದರ ಸುತ್ತ ಗುಡ್ಡೆ ಬಿದ್ದ ಡೇರೆ ಬಟ್ಟೆ. ಹಿಂದಿನ ಉದ್ದ ಕೋಣೆಯಲ್ಲಿ ಗೋಡೆಗೊರಗಿ ನಿಂತ ಕೆಂಪು ಹಾಸಿನ ಸುರುಳಿಗಳು. ಒಂದೊಂದು ಹಾಸೂ ಐವತ್ತಡಿ. ಆ ಮನೆಯಲ್ಲಿ ಕುರ್ಚಿಗೆ ಬರವಿಲ್ಲ, ಕುರ್ಚಿ ಹಾಕಿ ಕೂರುವ ಜಾಗಕ್ಕೆ ಬರ ಎಂದು ಬೀದಿಯವರು ನಗುತ್ತಿದ್ದರು.

ಮನೆಗೆ ಹಿರಿಯವಳು ಅಕ್ಕ. ಆಕೆ ಹಾಕಿದ ಗಂಟನ್ನು ಆಕೆಯೇ ಬಿಚ್ಚಬೇಕು, ಇಲ್ಲದಿದ್ದರೆ ಕತ್ತಿಯೇ ಗತಿ. ಅದಕ್ಕೇ ಗಂಟಕ್ಕ ಎಂಬ ಹೆಸರು ನಿಂತುಬಿಟ್ಟಿತು. ವ್ಯಾನು ಓಡಿಸುವವನು ಅವಳ ತಮ್ಮ. ಡೇರೆ ಹೊಲಿಯುವವಳು ತಮ್ಮನ ಹೆಂಡತಿ. ಮೂವರೇ ಮನೆಗೆ, ಮೂವರೇ ಕೆಲಸಕ್ಕೆ.

ಆ ಮನೆಯಲ್ಲಿ ಒಂದು ಪದ್ಧತಿ. ವ್ಯಾನು ಹೊರಟು ಒಂದಷ್ಟು ದೂರ ಓಡಿದ ಮೇಲೆ, ಎಲ್ಲಿದ್ದರೂ ಸರಿ, ನಿಲ್ಲಿಸಬೇಕು. ಎಲ್ಲರೂ ಇಳಿಯಬೇಕು. ಗಂಟಕ್ಕ ವ್ಯಾನಿನ ಸುತ್ತ ಬಂದು ಒಂದೊಂದು ಹಗ್ಗವನ್ನೂ ಬೆರಳಿನಿಂದ ಮೀಟಿ ನೋಡುತ್ತಿದ್ದಳು. ಟಣ್ ಎಂದರೆ ಸರಿ, ಡೊಪ್ ಎಂದರೆ ಬಿಚ್ಚಿ ಮತ್ತೆ ಕಟ್ಟುವುದು. ಕಟ್ಟುವಾಗ ಬಾಯಲ್ಲಿ ಒಂದೇ ಪಾಠ: "ಎಳಿ, ಸುತ್ತು, ಬಿಗಿ, ಗಂಟು." ಇದೆಲ್ಲ ಅವಳ ತಾಯಿ ಕಲಿಸಿದ್ದು. ತಾಯಿಯ ಕಾಲದಲ್ಲಿ ವ್ಯಾನಿರಲಿಲ್ಲ, ತಳ್ಳುಗಾಡಿ. "ಮನೇಲಿ ಹಾಕಿದ ಗಂಟು ಮನೆಗೆ, ದಾರೀಲಿ ಹಾಕಿದ ಗಂಟು ಊರಿಗೆ" ಅನ್ನುತ್ತಿದ್ದಳಂತೆ ಆಕೆ. ಆ ಮಾತಿನಂತೆ ನಡೆದುಕೊಂಡು ಬಂದವರ ಒಂದು ಕೋಲೂ ಇವತ್ತಿನವರೆಗೆ ದಾರಿಗೆ ಬಿದ್ದಿರಲಿಲ್ಲ.

ಆಮೇಲೆ ದೊಡ್ಡ ರಸ್ತೆ ಬಂತು.

ಅದು ಬಂದ ಹೊಸದರಲ್ಲಿ ಜನ ಸಮುದ್ರ ನೋಡಲು ಹೋಗುವ ಹಾಗೆ ಅದನ್ನು ನೋಡಲು ಹೋಗುತ್ತಿದ್ದರು. ಗಂಟಕ್ಕನೂ ಒಂದು ಸಂಜೆ ಹೋಗಿ ಮೇಲುಸೇತುವೆಯ ಕಂಬಿ ಹಿಡಿದು ನಿಂತಳು. ರಸ್ತೆ ಒಂದು ಕಡೆ ಆಕಾಶದಿಂದ ಇಳಿದು ಬಂದು ಇನ್ನೊಂದು ಕಡೆ ಆಕಾಶದೊಳಕ್ಕೇ ಹೋಗುತ್ತಿತ್ತು. ತಿರುವಿಲ್ಲ, ಅಡ್ಡ ಬರುವ ದನವಿಲ್ಲ, ಬಾಗಿಲಲ್ಲಿ ನಿಂತು ಮಾತಾಡಿಸುವ ಮನೆಗಳಿಲ್ಲ. ಕೆಳಗೆ ಗಾಡಿಗಳು ಓಡುತ್ತಿದ್ದವು ಅನ್ನುವುದಕ್ಕಿಂತ ಹೊಳೆ ನೀರಿನ ಹಾಗೆ ಹರಿಯುತ್ತಿದ್ದವು ಅನ್ನಬೇಕು. ಸೇತುವೆ ಅವಳ ಅಂಗಾಲಿನಡಿ ಸಣ್ಣಗೆ ನಡುಗುತ್ತಿತ್ತು. ತಳ್ಳುಗಾಡಿ ತಳ್ಳಿ ಅಂಗೈ ಸವೆಸಿಕೊಂಡ ತಾಯಿ ಇದನ್ನು ನೋಡಿದ್ದರೆ ಏನನ್ನುತ್ತಿದ್ದಳೋ. "ಮನುಷ್ಯರು ಮಾಡಿದ್ದಾ ಇದು?" ಎಂದು ಗಂಟಕ್ಕ ತನಗೆ ತಾನೇ ಕೇಳಿಕೊಂಡಳು. ಕತ್ತಲಾಗುವವರೆಗೂ ಅಲ್ಲಿಂದ ಕದಲಲಿಲ್ಲ.

ತಮ್ಮನಿಗಂತೂ ರೆಕ್ಕೆ ಬಂದ ಹಾಗಾಯಿತು. "ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಹೋಗತ್ತೆ ಅಕ್ಕಾ" ಎಂದು ಸಂಭ್ರಮಪಟ್ಟ. ಹಳೆಯ ರಸ್ತೆಯಲ್ಲಿ ಕೆಮ್ಮುತ್ತಿದ್ದ ವ್ಯಾನು ಇಲ್ಲಿ ನೂರು ಕಿಲೋಮೀಟರಿನಲ್ಲಿ ಹಾಡುತ್ತಿತ್ತು. ಅವನ ಒಂದು ಕೈ ಸ್ಟೇರಿಂಗಿನ ಮೇಲೆ, ಇನ್ನೊಂದರಲ್ಲಿ ಫೋನು. ಮುಂದೆ ಲಾರಿ ಸಿಕ್ಕರೆ ಅದರ ಬಾಲಕ್ಕೆ ಅಂಟಿಕೊಂಡೇ ಹೋಗುವುದು.

"ರೀ, ಆ ಲಾರಿ ಹಿಂದೆ ಬರೆದಿರೋದು ಓದೋಕೆ ಹೊರಟಿದ್ದೀರಾ?" ಎನ್ನುವಳು ಹೆಂಡತಿ.

"ಓದಿ ಆಯ್ತು. 'ದೂರವಿರಿ' ಅಂತ ಬರೆದಿದಾನೆ."

"ಮತ್ತೆ?"

"ಅದು ಬೇರೆಯೋರಿಗೆ ಕಣೇ. ನನ್ನ ಬ್ರೇಕು ನನ್ನ ಮಾತು ಕೇಳತ್ತೆ, ನಿನ್ನ ಹಾಗಲ್ಲ."

ಹೀಗೆ ನಗುತ್ತಾ ನಗುತ್ತಾ ಒಂದು ದಿನ ಹೊರಟಿದ್ದರು. ದೂರದ ಊರಿನ ಮದುವೆಗೆ ಡೇರೆ ಹಾಕಬೇಕಿತ್ತು. ದೊಡ್ಡ ರಸ್ತೆ ಹಿಡಿದು ಒಂದಷ್ಟು ದೂರ ಹೋದ ಮೇಲೆ ಗಂಟಕ್ಕ ಎಂದಿನಂತೆ "ನಿಲ್ಲಿಸು, ಹಗ್ಗ ನೋಡೋಣ" ಎಂದಳು. ತಮ್ಮ ಬಿಳಿ ಗೆರೆ ದಾಟಿ ರಸ್ತೆಯ ಅಂಚಿಗೆ ವ್ಯಾನು ನಿಲ್ಲಿಸಿದ. ಮೂವರೂ ಇಳಿದರು. ಗಂಟಕ್ಕ ರಸ್ತೆಯ ಕಡೆಯ ಮಗ್ಗುಲಿಗೆ ಬಂದು, ಓಡುವ ಗಾಡಿಗಳಿಗೆ ಬೆನ್ನು ಮಾಡಿ, ಹಗ್ಗ ಮೀಟತೊಡಗಿದಳು.

ಹಿಂದೆ ದೀಪ ಮಿನುಗಿಸುತ್ತಾ ರಸ್ತೆ ಗಸ್ತಿನ ಗಾಡಿ ಬಂದು ನಿಂತಿತು. ಅಂಚಿನ ಕಡೆಯ ಬಾಗಿಲಿನಿಂದ ಕಿತ್ತಳೆ ಬಣ್ಣದ ಅಂಗಿ ತೊಟ್ಟ ಹುಡುಗಿಯೊಬ್ಬಳು ಇಳಿದು ತಡೆಬೇಲಿಯ ಆಚೆಗೆ ಹಾರಿ ಅಲ್ಲಿಂದಲೇ ಕೂಗಿದಳು. ಅವಳು ಪರಕೀಯಳಲ್ಲ, ಪಕ್ಕದ ಬೀದಿಯ ಸೈಕಲ್ ಅಂಗಡಿಯವನ ಮಗಳು. ದೊಡ್ಡ ರಸ್ತೆಯಲ್ಲಿ ಕೆಟ್ಟು ನಿಂತವರಿಗೆ ನೆರವಾಗುವುದು ಅವಳ ಕೆಲಸ.

"ದೊಡ್ಡಮ್ಮಾ! ಹಗ್ಗ ಬಿಟ್ಟು ಈ ಕಡೆ ಬನ್ನಿ! ಬೇಲಿ ದಾಟಿ!"

"ಅಯ್ಯೋ, ನೀನಾ? ಒಂದೇ ಗಂಟು ಬಾಕಿ ಕಣೆ, ಹಾಕಿ ಬಂದೆ."

"ಗಂಟು ಹಾಳಾಗ್ಲಿ, ಬನ್ನಿ ಅಂದ್ರೆ!"

ಅಷ್ಟರಲ್ಲಿ ಒಂದು ಲಾರಿ ಹೋಯಿತು. ಹೋದದ್ದನ್ನು ಗಂಟಕ್ಕ ನೋಡಲೇ ಇಲ್ಲ. ಮೊದಲು ಗಾಳಿ ಬಂತು, ಸದ್ದು ಆಮೇಲೆ. ಯಾರೋ ಬೆನ್ನಿಗೆ ಕೈಯಿಟ್ಟು ನೂಕಿದ ಹಾಗೆ ಅವಳು ಹೋಗಿ ವ್ಯಾನಿಗೆ ಅಪ್ಪಳಿಸಿದಳು. ಕೈಯಲ್ಲಿದ್ದ ಹಗ್ಗದ ತುದಿ ಕಿತ್ತುಕೊಂಡು ಹೋಗಿ ಗಾಳಿಯಲ್ಲಿ ಹಾವಿನ ಹಾಗೆ ಆಡಿತು. ಅಷ್ಟು ಭಾರದ ವ್ಯಾನು ತೊಟ್ಟಿಲಿನಂತೆ ತೂಗಿತು.

ಅವಳು ಬೇಲಿ ದಾಟಿ ಬಂದು ಸೆರಗು ಬಿಗಿದುಕೊಂಡಳು. "ಗಾಳಿ ತಾನೇ? ಗಾಳಿಗೆ ಹೆದರಿದ್ರೆ ಡೇರೆ ಕಟ್ಟೋ ಕಸುಬು ಆಗತ್ತಾ?"

"ದೊಡ್ಡಮ್ಮ, ಇಲ್ಲಿ ಗಾಡಿ ಕೆಟ್ರೆ ಮಾತ್ರ ನಿಲ್ಲಬೇಕು. ಹಗ್ಗ ನೋಡೋಕೆ ನಿಲ್ಲೋ ಜಾಗ ಅಲ್ಲ ಇದು."

"ನಾವೇನು ರಸ್ತೆ ನಡುವೆ ನಿಂತಿದ್ವಾ? ಅಂಚಲ್ಲಿ ತಾನೇ ಇದ್ದಿದ್ದು. ಇಷ್ಟು ದೊಡ್ಡ ವ್ಯಾನು ಅವರ ಕಣ್ಣಿಗೆ ಕಾಣಲ್ವಾ? ಕಂಡ್ರೆ ನಿಲ್ಲಿಸ್ತಾರೆ."

"ಕಂಡ್ರೆ ನಿಲ್ಲಿಸ್ತಾರೆ," ತಮ್ಮನೂ ತಲೆಯಾಡಿಸಿದ. "ಬ್ರೇಕು ಇರೋದು ಇನ್ಯಾಕೆ?"

ಗಸ್ತಿನ ಹುಡುಗಿ ವಾದಕ್ಕೆ ಇಳಿಯಲಿಲ್ಲ. ವ್ಯಾನಿನ ಮೇಲಿದ್ದ ಕೆಂಪು ಸುರುಳಿಗಳನ್ನೇ ಸ್ವಲ್ಪ ಹೊತ್ತು ನೋಡಿದಳು. "ದೊಡ್ಡಮ್ಮ, ಈ ಭಾನುವಾರ ನಿಮ್ಮ ಹಾಸೆಲ್ಲ ನಂಗೆ ಬೇಕು. ಮನೇಲಿರೋದಷ್ಟೂ."

"ಅಷ್ಟೂ? ಏನೇ, ಮದುವೆ ಗೊತ್ತಾಯ್ತಾ?"

"ನಂದಲ್ಲ. ನಿಮ್ಮ ವ್ಯಾನಿಂದು. ಲಾರಿ ಜೊತೆ ನೆಂಟಸ್ತನ ಬೆಳೆಸೋಕೆ ನಿಂತಿದ್ದೀರಲ್ಲ, ಅದಕ್ಕೆ."

ಭಾನುವಾರ ಬೆಳಿಗ್ಗೆ ಅವಳು ಹೇಳಿದ ಹಾಗೆ ಹಾಸೆಲ್ಲ ಹೇರಿಕೊಂಡು ಹಳೆಯ ರಸ್ತೆಗೆ ಹೋದರು. ದೊಡ್ಡ ರಸ್ತೆ ಬಂದ ಮೇಲೆ ಆ ರಸ್ತೆಯ ಕೊನೆಯ ತುಂಡಿಗೆ ಗಾಡಿಗಳೇ ಬರುತ್ತಿರಲಿಲ್ಲ. ಬಿರುಕುಗಳಲ್ಲಿ ಹುಲ್ಲು ಬೆಳೆದಿತ್ತು. ಗಸ್ತಿನ ಹುಡುಗಿ ಎರಡೂ ತುದಿಗೆ ತಡೆ ಇಟ್ಟು ಕಾಯುತ್ತಿದ್ದಳು.

"ಮಾವ, ಬನ್ನಿ" ಎಂದು ತಮ್ಮನನ್ನು ಕರೆದು ಒಂದು ಗೆರೆಯ ಮೇಲೆ ನಿಲ್ಲಿಸಿದಳು. "ನೀವು ನೂರರಲ್ಲಿ ಬರ್ತಾ ಇದ್ದೀರಿ. ಈ ಗೆರೆ ಹತ್ರ ಬಂದಾಗ ದೂರದಲ್ಲಿ ಏನೋ ಅಡ್ಡ ಕಾಣ್ತು. ಏನ್ಮಾಡ್ತೀರಿ?"

"ಬ್ರೇಕ್ ಹಾಕ್ತೀನಿ."

"ಹಾಕಿ."

ಅವನು ಗಾಳಿಯಲ್ಲೇ ಕಾಲು ಒತ್ತಿದ. "ಹಾಕಿದೆ. ಬ್ರೇಕು ಬೆಣ್ಣೆ ಹಾಗಿದೆ ನಂದು."

"ಬೆಣ್ಣೆ ಹಾಗಿದ್ರೆ ಕಷ್ಟ ಮಾವ, ಜಾರತ್ತೆ." ಅವಳು ಗಂಟಕ್ಕನ ಕಡೆ ತಿರುಗಿದಳು. "ದೊಡ್ಡಮ್ಮ, ಕಣ್ಣು ನೋಡಬೇಕು, ತಲೆಗೆ ತಿಳೀಬೇಕು, ಕಾಲು ಪೆಡಲಿಗೆ ಹೋಗಬೇಕು. ಬ್ರೇಕಿಗೆ ಕಾಲು ತಾಗೋಕ್ ಮುಂಚೆನೇ ವ್ಯಾನು ಎಷ್ಟು ದೂರ ಹೋಗಿರತ್ತೆ ಅಂತ ಹಾಸಿ ನೋಡೋಣ. ಒಂದು ಬಿಚ್ಚಿ."

ಗಂಟಕ್ಕ ಒಂದು ಸುರುಳಿಯನ್ನು ಕಾಲಿನಿಂದ ನೂಕಿದಳು. ಅದು ಉರುಳುತ್ತಾ ಉರುಳುತ್ತಾ ಐವತ್ತಡಿ ಕೆಂಪಾಯಿತು.

"ಇನ್ನೊಂದು."

"ಇನ್ನೊಂದಾ? ಇನ್ನೂ ಬ್ರೇಕೇ ಹಾಕಿಲ್ಲ ಅಂದ್ಯಲ್ಲೇ."

"ಹೌದು. ಹಾಕಿಲ್ಲ. ಇನ್ನೊಂದು."

ಎರಡನೆಯ ಹಾಸು ಮುಗಿದ ಜಾಗದಲ್ಲಿ ಅವಳು ನಿಂತು ಹೇಳಿದಳು: "ಈಗ ಮಾವನ ಕಾಲು ಬ್ರೇಕಿನ ಮೇಲೆ ಬಂತು. ನಿಲ್ಲೋ ಕೆಲಸ ಈಗ ಶುರು. ಹಾಸಿ."

ಮೂರನೆಯದು, ನಾಲ್ಕನೆಯದು. ಗಂಟಕ್ಕ ಜೀವಮಾನವೆಲ್ಲ ಈ ಹಾಸುಗಳನ್ನು ಬಿಚ್ಚಿದವಳು, ಸುತ್ತಿದವಳು. ಐವತ್ತಡಿ ಎಂದರೆ ಏನೆಂದು ಅವಳ ಸೊಂಟಕ್ಕೆ ಗೊತ್ತು, ಹೆಗಲಿಗೆ ಗೊತ್ತು. ಒಂದು ಹಾಸಿನ ಮೇಲೆ ಒಂದು ಮದುವೆಯ ಪಂಕ್ತಿ ಕೂರುತ್ತದೆ. ಐದನೆಯದನ್ನು ಬಿಚ್ಚುವಾಗ ಅವಳ ಮಾತು ಕಡಿಮೆಯಾಯಿತು. ಆರನೆಯದಕ್ಕೆ ನಿಂತೇಹೋಯಿತು. ಏಳನೆಯದರ ತುದಿಗೆ ಬಂದಾಗ ಗಸ್ತಿನ ಹುಡುಗಿ ಕೈ ಎತ್ತಿದಳು.

"ಇಲ್ಲಿ ನಿಲ್ತು ನೋಡಿ. ಹೊರೆ ತುಂಬಿದ ವ್ಯಾನು, ಒಣ ರಸ್ತೆ, ಒಳ್ಳೆ ಬ್ರೇಕು, ಎಚ್ಚರವಾಗಿರೋ ಡ್ರೈವರು. ಹೆಚ್ಚುಕಮ್ಮಿ ಇಷ್ಟು ದೂರ."

ಗಂಟಕ್ಕ ತಿರುಗಿ ನೋಡಿದಳು. ಕೆಂಪು ದಾರಿ ಹಳೆಯ ರಸ್ತೆಯ ಮೇಲೆ ಉದ್ದಕ್ಕೂ ಮಲಗಿತ್ತು. ಅದರ ಆಚೆ ತುದಿಯಲ್ಲಿ ತಮ್ಮ ನಿಂತಿದ್ದ. ನಿಂತಿದ್ದಾನೆ ಎಂದು ಗೊತ್ತು, ಮುಖ ಮಾತ್ರ ಗುರುತು ಸಿಗುತ್ತಿಲ್ಲ. ಎತ್ತಿ ಆಡಿಸಿದ ತಮ್ಮನ ಮುಖವೇ ಗುರುತು ಸಿಗದಷ್ಟು ದೂರ! ಅಲ್ಲಿ ಕಂಡದ್ದಕ್ಕೆ ಇಲ್ಲಿ ನಿಲ್ಲುವುದು! ಸೇತುವೆಯ ಮೇಲೆ ನಿಂತಾಗ ಅಂಗಾಲಿನಲ್ಲಿ ಆದ ನಡುಕ ಈಗ ಎದೆಯಲ್ಲಿ ಆಯಿತು.

"ಮಳೆ ಬಂದ್ರೆ?" ಎಂದು ತಮ್ಮನ ಹೆಂಡತಿ ಮೆಲ್ಲಗೆ ಕೇಳಿದಳು.

"ಮಿಕ್ಕಿದ್ದನ್ನೂ ಹಾಸಿ, ನೋಡೋಣ" ಎಂದಳು ಗಸ್ತಿನ ಹುಡುಗಿ.

ಮಿಕ್ಕಿದ್ದ ಮೂರನ್ನೂ ಹಾಸಿದರು. ವ್ಯಾನು ಖಾಲಿಯಾಯಿತು. ಕೊನೆಯ ಹಾಸಿನ ಕೊನೆಯ ಎಳೆಯ ಹತ್ತಿರ ನಿಂತು ಗಸ್ತಿನ ಹುಡುಗಿ ತಲೆಯಲ್ಲಾಡಿಸಿದಳು. "ಇಲ್ಲ. ಒದ್ದೆ ರಸ್ತೇಲಿ ಇಲ್ಲಿಗೂ ನಿಲ್ಲಲ್ಲ. ಇನ್ನೂ ಹೋಗ್ತಾ ಇದೆ."

ಆ ಮಾತು ಕೇಳಿ ಗಂಟಕ್ಕ ಹಾಸು ಮುಗಿದ ಆಚೆಗಿನ ಬರಿ ರಸ್ತೆಯನ್ನು ನೋಡಿದಳು. ಅಲ್ಲಿ ಏನೂ ಇರಲಿಲ್ಲ. ಆದರೂ ಕಾಣದ ವ್ಯಾನೊಂದು ನಿಲ್ಲದೆ ಹೋಗುತ್ತಲೇ ಇರುವುದನ್ನು ಅವಳು ಕಂಡಳು.

ತಮ್ಮ ಹಾಸಿನ ಪಕ್ಕದಲ್ಲೇ ನಡೆದು ಬಂದ. ಬರುವಾಗ ಅವನ ಮುಖದ ನಗು ಎಲ್ಲೋ ಉದುರಿಹೋಗಿತ್ತು. "ಎಷ್ಟು ನಡೀಬೇಕಪ್ಪಾ" ಎಂದಷ್ಟೇ ಅಂದ.

"ಮಾವ, ಬೇಜಾರು ಮಾಡ್ಕೋಬೇಡಿ. ಫೋನು ಬಂತು, ಯಾರು ಅಂತ ನೋಡಿದ್ರಿ, ತಲೆ ಎತ್ತಿದ್ರಿ. ನಾಕು ಸೆಕೆಂಡು. ಅಷ್ಟರಲ್ಲಿ ಆ ಮೊದಲಿನ ಏಳು ಹಾಸೂ ಕಣ್ಮುಚ್ಚಿಕೊಂಡು ದಾಟಿರ್ತೀರಿ. ಬ್ರೇಕಿನ ಲೆಕ್ಕ ಅಲ್ಲಿಂದ ಮುಂದೆ."

ಅವನು ಜೇಬಿನಲ್ಲಿದ್ದ ಫೋನನ್ನು ಚೇಳು ಮುಟ್ಟಿದವನ ಹಾಗೆ ಮುಟ್ಟಿ ನೋಡಿಕೊಂಡ.

"ಮತ್ತೆ ಲಾರಿ ಬಾಲ ಹಿಡ್ಕೊಂಡು ಹೋಗ್ತಾರಲ್ಲ, ಅದಕ್ಕೇನು ಹೇಳ್ತೀಯ ಇವರಿಗೆ?" ಹೆಂಡತಿ ಸಮಯ ನೋಡಿ ಸಿಕ್ಕಿಸಿದಳು.

"ಮುಂದಿನ ಗಾಡಿ ಒಂದು ಕಂಬ ದಾಟಿದ ಮೇಲೆ ನೀವು ಅದೇ ಕಂಬಕ್ಕೆ ಬರೋಕೆ ಎರಡು ಸೆಕೆಂಡಾದರೂ ಆಗಬೇಕು. ಹೊರೆ ಇದ್ರೆ ಮೂರಾಗಲಿ. ಮಳೆಯಿದ್ರೆ, ಮಂಜಿದ್ರೆ ಅದರ ಎರಡರಷ್ಟು."

"ಸೆಕೆಂಡು ಗಿಕೆಂಡು ನಂಗೆ ಬರಲ್ಲ" ಎಂದಳು ಗಂಟಕ್ಕ. ಸ್ವಲ್ಪ ಯೋಚಿಸಿ ನಿಧಾನವಾಗಿ ಬಾಯಿಬಿಟ್ಟು ಹೇಳಿದಳು: "ಎಳಿ... ಸುತ್ತು... ಬಿಗಿ... ಗಂಟು. ಇಷ್ಟು ಹೊತ್ತು ಸಾಕಾ?"

ಗಸ್ತಿನ ಹುಡುಗಿ ಕೈಗಡಿಯಾರ ನೋಡಿ ನಕ್ಕಳು. "ಸರಿಯಾಗಿ ಮೂರು! ಮಳೆ ಬಂದ್ರೆ ಎರಡು ಗಂಟು ಹಾಕಿ."

ಆದರೂ ಗಂಟಕ್ಕನ ಮನಸ್ಸಿನ ಮೂಲೆಯಲ್ಲಿ ಒಂದು ಮುಳ್ಳು ಉಳಿದಿತ್ತು. ಹಾಸು ಸುತ್ತುತ್ತಾ ಅದನ್ನು ಹೊರಗೆ ಹಾಕಿದಳು. "ಇದೆಲ್ಲ ಓಡೋ ಗಾಡಿ ಮಾತಾಯ್ತು. ನಾವು ಅಂಚಲ್ಲಿ ನಿಲ್ಲೋರು. ನಮ್ಮ ತಾಯಿ ಹೇಳಿದ್ದು ತಪ್ಪಾ ಹಾಗಾದ್ರೆ?"

ಗಸ್ತಿನ ಹುಡುಗಿ ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು ಹಾಸು ಸುತ್ತತೊಡಗಿದಳು. "ಅಜ್ಜಿ ಹೇಳಿದ್ದು ಅಪ್ಪಟ ಸತ್ಯ ದೊಡ್ಡಮ್ಮ. ಹೊರೆ ದಾರೀಲೇ ಕೂರೋದು. ರಸ್ತೆಗೆ ಬಿದ್ದ ಒಂದು ಕೋಲು ಹಿಂದೆ ಬರೋರ ಜೀವ ತೆಗೆಯತ್ತೆ. ಆದ್ರೆ ಅಜ್ಜಿ ನಿಂತಿದ್ದ ದಾರೀಲಿ ಎದುರಿಗೆ ಬರೋನು ನಿಂತು ಕುಶಲ ಕೇಳ್ತಿದ್ದ. ಇಲ್ಲಿ ಬರೋನಿಗೆ ನೀವು ನಿಂತಿದ್ದೀರೋ ಹೋಗ್ತಿದ್ದೀರೋ ಅಂತಾನೂ ದೂರದಿಂದ ತಿಳಿಯಲ್ಲ. ತಿಳಿಯೋ ಹೊತ್ತಿಗೆ ಹಾಸು ಮುಗಿದಿರತ್ತೆ." ಅವಳು ತಗ್ಗಿದ ದನಿಯಲ್ಲಿ ಹೇಳಿದಳು: "ನಾನು ಎತ್ತಿದ್ದೀನಿ ದೊಡ್ಡಮ್ಮ. ಅಂಚಲ್ಲಿ ಟೈರು ಬದಲಾಯಿಸ್ತಾ ಇದ್ದೋರನ್ನ. ಅವರ ತಪ್ಪೇನೂ ಇರ್ಲಿಲ್ಲ. ಅಲ್ಲಿ ಇದ್ರು, ಅಷ್ಟೇ."

ಗಂಟಕ್ಕ ಸುರುಳಿಯನ್ನು ಕೊನೆಯವರೆಗೆ ಸುತ್ತಿ ಕಟ್ಟಿದಳು. ಎದ್ದಾಗ ಹೇಳಿದ್ದು ಇಷ್ಟೇ: "ಹಗ್ಗ ಎಲ್ಲಿ ನೋಡೋದು ಹಾಗಾದ್ರೆ?"

"ದೊಡ್ಡ ರಸ್ತೆ ಏರೋಕ್ ಮುಂಚೆ ಪೆಟ್ರೋಲ್ ಬಂಕ್ ಇದ್ಯಲ್ಲ, ಅಲ್ಲಿ. ಮನೆಯಿಂದ ಅಲ್ಲಿಗೆ ಬರೋಷ್ಟರಲ್ಲಿ ಗುಂಡಿಗಳೇ ಹೊರೆ ಕೂರಿಸಿರ್ತವೆ. ಆಮೇಲೂ ಅನುಮಾನ ಬಂದ್ರೆ ವೇಗ ತಗ್ಗಿಸಿ, ಅಂಚಿನ ಸಾಲಲ್ಲೇ ಹೋಗಿ, ಗಾಡಿ ನಿಲ್ಲಿಸೋ ತಂಗುದಾಣದ ಒಳಗೆ ಹೋಗಿ ನೋಡಿ. ದಾರಿ ತಪ್ಪಿದ್ರೂ ಅಷ್ಟೇ, ಒಂದು ಗೇಣೂ ಹಿಂದೆ ಬರಬೇಡಿ. ಮುಂದಿನ ಇಳಿದಾರಿ ತನಕ ಹೋಗಿ ತಿರುಗಿ ಬನ್ನಿ."

"ಗಾಡಿನೇ ಕೆಟ್ರೆ?" ತಮ್ಮ ಕೇಳಿದ.

"ಆದಷ್ಟು ಅಂಚಿಗೆ ತನ್ನಿ. ನಾಲ್ಕೂ ಮಿನುಗು ದೀಪ ಹಾಕಿ. ಅಂಚಿನ ಕಡೆ ಬಾಗಿಲಿಂದ ಇಳಿದು ತಡೆಬೇಲಿ ದಾಟಿ, ಗಾಡಿಯಿಂದ ದೂರ ಹೋಗಿ ನೆರವಿಗೆ ಫೋನ್ ಮಾಡಿ. ಸಾಮಾನು ಸಾಮಾನೇ ಮಾವ, ಮತ್ತೆ ಮಾಡ್ಕೋಬಹುದು."

ಅಂದಿನಿಂದ ಹಗ್ಗ ಮೀಟುವ ಜಾಗ ಬಂಕಿಗೆ ಬದಲಾಯಿತು. ತಮ್ಮನ ಫೋನು ಹೊರಡುವ ಮೊದಲೇ ಹೆಂಡತಿಯ ಕೈಚೀಲ ಸೇರುತ್ತಿತ್ತು. ಮೂವರೂ ಸೀಟು ಬೆಲ್ಟು ಹಾಕಿಕೊಳ್ಳುವರು. ಲಾರಿ ಮುಂದೆ ಸಿಕ್ಕರೆ ಗಂಟಕ್ಕ ಕಂಬ ನೋಡಿ ಗಟ್ಟಿಯಾಗಿ ಶುರು ಮಾಡುವಳು, "ಎಳಿ, ಸುತ್ತು..." ತಮ್ಮ ಗೊಣಗುವನು, "ಅಕ್ಕಾ, ನಾನು ವ್ಯಾನು ಓಡಿಸ್ತಾ ಇದ್ದೀನೋ ಡೇರೆ ಕಟ್ತಾ ಇದ್ದೀನೋ?" ಗೊಣಗಿದರೂ ಕಾಲು ಸಡಿಲ ಬಿಡುವನು.

ಒಂದು ದಿನ ಮಧ್ಯಾಹ್ನ, ಸಭೆಯೊಂದಕ್ಕೆ ಹಾಕಿದ್ದ ಡೇರೆ ಬಿಚ್ಚಿಕೊಂಡು ವಾಪಸು ಬರುತ್ತಿದ್ದರು. ರಣ ಬಿಸಿಲು. ಇದ್ದಕ್ಕಿದ್ದ ಹಾಗೆ ಢಂ ಎಂದು ಹಿಂದಿನ ಟೈರು ಸಿಡಿಯಿತು. ವ್ಯಾನು ಒಂದು ಮಗ್ಗುಲಿಗೆ ಎಳೆಯಿತು. ತಮ್ಮ ಬ್ರೇಕಿನ ಮೇಲೆ ಎಗರಲಿಲ್ಲ. ಸ್ಟೇರಿಂಗನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದು, ವೇಗ ತಾನೇ ಇಳಿಯಲು ಬಿಟ್ಟು, ಮೆಲ್ಲಗೆ ಅಂಚಿಗೆ ತಂದು ನಿಲ್ಲಿಸಿದ. ನಾಲ್ಕೂ ದೀಪ ಹಾಕಿದ. ಮೂವರೂ ಅಂಚಿನ ಬಾಗಿಲಿನಿಂದ ಇಳಿದು ತಡೆಬೇಲಿ ದಾಟಿ, ಹಿಂದಕ್ಕೆ ಒಂದಷ್ಟು ದೂರ ನಡೆದು, ಹುಲ್ಲಿನ ದಿಬ್ಬ ಹತ್ತಿ ನಿಂತರು. ಹೆಂಡತಿ ಕೈಚೀಲದಿಂದ ಫೋನು ತೆಗೆದು ಗಸ್ತಿನವರಿಗೆ ತಿಳಿಸಿದಳು. ಬರುತ್ತೇವೆ, ಅಲ್ಲಿಂದ ಕದಲಬೇಡಿ ಎಂದರು.

ಸ್ವಲ್ಪ ಹೊತ್ತು ಕೂತರು. ತಮ್ಮನಿಗೆ ಕೂರಲಾಗಲಿಲ್ಲ.

"ಅಕ್ಕ, ಅವರು ಬರೋದು ಯಾವಾಗಲೋ. ಸ್ಪೇರ್ ಟೈರು ಇದೆ, ಜಾಕು ಇದೆ. ಹೋಗಿ ಹಾಕಿ ಬಂದ್ಬಿಡ್ತೀನಿ."

"ಯಾವ ಕಡೆ ಟೈರು ಹೋಗಿರೋದು?"

"ರಸ್ತೆ ಕಡೇದು. ಅದಕ್ಕೇನು, ಎಚ್ಚರವಾಗಿರ್ತೀನಿ."

"ನೀನು ಎಚ್ಚರವಾಗಿದ್ರೆ ಬರೋನು ಎಚ್ಚರವಾಗಿರ್ತಾನಾ? ಕೂತ್ಕೋ."

"ನೋಡು, ಎಲ್ರೂ ನೆಟ್ಟಗೆ ಹೋಗ್ತಾ ಇದಾರೆ. ಸುಮ್ನೆ ಬಿಸಿಲಲ್ಲಿ ಒಣಗ್ತಾ ಇದ್ದೀವಿ." ಅವನು ದಿಬ್ಬ ಇಳಿದು ತಡೆಬೇಲಿಯ ಮೇಲೆ ಒಂದು ಕಾಲು ಹಾಕಿಯೇಬಿಟ್ಟ.

ಗಂಟಕ್ಕ ಎಲ್ಲಿತ್ತೋ ಆ ವೇಗ, ದಡದಡನೆ ಇಳಿದು ಅವನ ಅಂಗಿಯ ಬೆನ್ನನ್ನು ಮುಷ್ಟಿಯಲ್ಲಿ ಸುತ್ತಿ ಹಿಡಿದಳು. "ಆ ಕಾಲು ಇಳಿಸಿದ್ರೆ ನನ್ನ ಹೆಣ ದಾಟಿ ಇಳಿಸು."

"ಅಕ್ಕ, ಅಂಗಿ ಹರಿಯತ್ತೆ!"

"ಹರೀಲಿ. ನನ್ನ ಹತ್ರ ಇರೋದು ಒಬ್ಬನೇ ತಮ್ಮ, ಅಂಗಿ ಬೇಕಾದಷ್ಟಿದೆ."

ಅವನು ನಗಲೂ ಆಗದೆ ಬಿಡಿಸಿಕೊಳ್ಳಲೂ ಆಗದೆ ಕಾಲು ಹಿಂದಕ್ಕೆ ತೆಗೆದ. ಇಬ್ಬರೂ ಮತ್ತೆ ದಿಬ್ಬ ಹತ್ತಿದರು. ಅವಳು ಮುಷ್ಟಿ ಬಿಡಲಿಲ್ಲ.

ದೂರದಲ್ಲಿ ಒಂದು ಕಂಟೇನರ್ ಲಾರಿ ಕಾಣಿಸಿತು, ಬೆಂಕಿಪೊಟ್ಟಣದಷ್ಟು. ಅದು ಹುಚ್ಚಾಪಟ್ಟೆ ಬರುತ್ತಿರಲಿಲ್ಲ. ಅಂಚಿನ ಸಾಲಿನಲ್ಲಿ ಗಂಭೀರವಾಗಿ, ನೆಟ್ಟಗೆ ಬರುತ್ತಿತ್ತು. ಬರುತ್ತಾ ಬರುತ್ತಾ, ಮಲಗಿದವರು ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಹಾಗೆ, ಮೆಲ್ಲಗೆ ಒಂದು ಕಡೆಗೆ ವಾಲಿತು. ಬಿಳಿ ಗೆರೆ ಅದರ ಚಕ್ರದಡಿ ಹೋಯಿತು. ಕೂಗಬೇಕೆಂದರೆ ಯಾರಿಗೆ ಕೂಗುವುದು? ಬೆಂಕಿಪೊಟ್ಟಣ ಮನೆಯಷ್ಟಾಯಿತು. ವ್ಯಾನಿನ ರಸ್ತೆಯ ಕಡೆಯ ಮಗ್ಗುಲನ್ನು ಸವರಿಕೊಂಡು ಲಾರಿ ಹೋಗಿಬಿಟ್ಟಿತು.

ಒಣಕಡ್ಡಿ ಮುರಿದಂಥ ಒಂದು ಸದ್ದು. ವ್ಯಾನು ಒಮ್ಮೆ ಮೈ ನಡುಗಿಸಿ ನಿಂತಿತು. ಹಿಂದಿನ ದೀಪವಿರಲಿಲ್ಲ. ಕನ್ನಡಿ ಇರಲಿಲ್ಲ. ಸಿಡಿದ ಟೈರಿನ ಮೇಲಿದ್ದ ಹಗ್ಗ ಕಟ್ಟುವ ಕಬ್ಬಿಣದ ಕೊಂಡಿ ಹಪ್ಪಳದ ಹಾಗೆ ಚಪ್ಪಟೆಯಾಗಿತ್ತು.

ಲಾರಿ ಮತ್ತೆ ತನ್ನ ಸಾಲಿಗೆ ಸರಿದು ಹೋಗುತ್ತಲೇ ಇತ್ತು. ಅದರ ಬ್ರೇಕು ದೀಪ ಹೊತ್ತಿಕೊಳ್ಳಲಿಲ್ಲ. ಬೆಂಕಿಪೊಟ್ಟಣದಷ್ಟಾಯಿತು, ಕಾಳಿನಷ್ಟಾಯಿತು, ಆಕಾಶದೊಳಕ್ಕೆ ಹೋಯಿತು.

"ಅವನಿಗೆ ಗೊತ್ತೇ ಆಗ್ಲಿಲ್ಲ," ತಮ್ಮನ ಹೆಂಡತಿ ಪಿಸುಗುಟ್ಟಿದಳು.

ತಮ್ಮ ಅಲ್ಲೇ ಹುಲ್ಲಿನ ಮೇಲೆ ಕುಸಿದ. "ನಾನು ಆ ಟೈರ್ ಮುಂದೆ ಕೂತಿರ್ತಿದ್ದೆ ಅಕ್ಕ. ಈಗ. ಈ ಹೊತ್ತಿಗೆ ಸರಿಯಾಗಿ."

ಗಂಟಕ್ಕ ದಿಬ್ಬದ ಮೇಲೆ ಕೂತು ರಸ್ತೆಯನ್ನೇ ನೋಡಿದಳು. ಗಾಡಿಗಳು ಹರಿಯುತ್ತಲೇ ಇದ್ದವು. ಒಂದೊಂದರ ಒಳಗೂ ಮನುಷ್ಯರು. ಯಾರೋ ನಗುತ್ತಿರುವರು, ಯಾರೋ ತೂಕಡಿಸುತ್ತಿರುವರು, ಯಾರೋ ಮನೆಗೆ ಫೋನು ಮಾಡಿ ಬರುತ್ತಿದ್ದೇನೆ ಎನ್ನುತ್ತಿರುವರು. ಆ ಲಾರಿಯವನೂ ಕೆಟ್ಟವನಿರಲಾರ. ಮನೆಗೆ ಹೋಗಿ ಊಟ ಮಾಡಿ, ಮಕ್ಕಳ ತಲೆ ಸವರಿ ಮಲಗುತ್ತಾನೆ. ಒಂದು ಜೀವ ತೆಗೆದಿದ್ದರೂ ಹಾಗೆಯೇ ಮಲಗುತ್ತಿದ್ದನೋ ಏನೋ. ಇಷ್ಟು ದೊಡ್ಡದನ್ನು ಕಟ್ಟಿದ ಮನುಷ್ಯನ ಕಣ್ಣು ಒಂದು ರೆಪ್ಪೆ ಬಡಿಯುವಷ್ಟು ಹೊತ್ತು ಮುಚ್ಚಿದರೆ ಸಾಕಲ್ಲ, ಒಂದು ಜೀವ ಹೋಗಲು ಎಂದು ಅವಳಿಗೆ ಅನ್ನಿಸಿತು. ಅವಳ ಮುಷ್ಟಿಯಲ್ಲಿ ತಮ್ಮನ ಅಂಗಿ ಇನ್ನೂ ಹಾಗೆಯೇ ಇತ್ತು. ಗಸ್ತಿನ ಹುಡುಗಿ ಬಂದು ಒಂದೊಂದೇ ಬೆರಳು ಬಿಡಿಸಬೇಕಾಯಿತು.

ಓದುವವರೇ, ಕೇಳುವವರೇ, ದೊಡ್ಡ ರಸ್ತೆಗೆ ಹೆದರಿ ಮನೆಯಲ್ಲಿ ಕೂರಿ ಎಂದು ಈ ಕಥೆ ಹೇಳುತ್ತಿಲ್ಲ. ಅದು ನಮ್ಮ ಅನುಕೂಲಕ್ಕೆ ಬಂದದ್ದು, ಹೋಗಿ ಬನ್ನಿ. ಆದರೆ ಅದರ ಮರ್ಯಾದೆ ಅದಕ್ಕೆ ಕೊಡಿ. ಹೊರೆ ಬಿಗಿದೇ ಏರಿ. ಮುಂದಿನ ಗಾಡಿಯಿಂದ ದೂರವಿರಿ, ಮಳೆಯಲ್ಲಿ ಇನ್ನೂ ದೂರ. ಓಡಿಸುವವರ ಕೈಗೆ ಫೋನು ಕೊಡಬೇಡಿ, ಓಡಿಸುವಾಗ ಅವರಿಗೆ ಫೋನು ಮಾಡಲೂ ಬೇಡಿ. ನಿದ್ದೆ ಎಳೆದರೆ ತಂಗುದಾಣಕ್ಕೆ ಹೋಗಿ ಮಲಗಿ, ಅದರಲ್ಲಿ ಅವಮಾನವೇನಿಲ್ಲ. ಗಾಡಿ ಕೆಟ್ಟರೆ ಬೇಲಿ ದಾಟಿ ದೂರ ನಿಲ್ಲಿ, ರಿಪೇರಿ ಮಾಡುವವರು ಬರುವವರೆಗೆ ಅತ್ತ ಕಾಲಿಡಬೇಡಿ. ದುಡುಕಿ ಹೊರಟವರನ್ನು ಅಂಗಿ ಹಿಡಿದಾದರೂ ನಿಲ್ಲಿಸಿ. ಇದನ್ನು ಓದಲು ಬಾರದ ಡ್ರೈವರು ನಿಮ್ಮ ಬೀದಿಯಲ್ಲಿದ್ದರೆ ಓದಿ ಹೇಳಿ.

ತಡವಾಗಿ ಬಂದವರನ್ನು ಮನೆಯವರು ಬೈಯುತ್ತಾರೆ. ಬೈಯಲಿ ಬಿಡಿ. ಬೈಸಿಕೊಳ್ಳಲಾದರೂ ಮನೆಗೆ ಬಂದು ಸೇರಿ.